ರೆಡ್‌ಮಿ ಎ4 ಒಳ್ಳೇದೋ, ಗ್ಯಾಲಕ್ಸಿ ಎ06 ಒಳ್ಳೇದೋ? ಮೊದಲು ನಿಮ್ಮ ಸಿಮ್ ಯಾವುದು ಹೇಳಿ

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯವಳು. ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಇಡಿ ಓದುತ್ತಿದ್ದೇನೆ. ಈ ಸಲ ತೊಗರಿ ಮಾರಿದ ದುಡ್ಡಿನಲ್ಲಿ ಫೋನಿಗೆಂದು ಅಪ್ಪ ಹನ್ನೊಂದು ಸಾವಿರ ಕೊಟ್ಟಿದ್ದಾರೆ. ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆ ಹತ್ತಿರದ ಅಂಗಡಿಯಲ್ಲಿ ರೆಡ್‌ಮಿ ಎ4 5ಜಿ ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ06 5ಜಿ ಎರಡನ್ನೂ ತೋರಿಸಿ, ‘ಎರಡೂ ಫೈವ್‌ಜಿನೇ ಅವ್ರೀ, ಏನ್ ಫರಕಿಲ್ಲ. ರೆಡ್‌ಮಿ ಒಯ್ರಿ, ಸ್ಕ್ರೀನ್ ದೊಡ್ಡದದ, ಚಾರ್ಜರ್ ಡಬ್ಬ್ಯಾಗೇ ಬರ್ತದ, ರೊಕ್ಕಾನೂ ಉಳಿತದ’ ಎಂದರು. ನನ್ನದು ಏರ್‌ಟೆಲ್ ಸಿಮ್, ಅಪ್ಪನದು ಜಿಯೊ. ರಜೆಗೆ ಊರಿಗೆ ಹೋದಾಗ ಬೆಳೆ ಸಮೀಕ್ಷೆ, ಪಿಎಂ ಕಿಸಾನ್ ಕೆಲಸಕ್ಕೆ ಅಪ್ಪನೂ ಇದನ್ನೇ ಬಳಸುತ್ತಾರೆ. ಕಡಿಮೆಯೆಂದರೂ ನಾಲ್ಕು ವರ್ಷ ಬಾಳಿಕೆ ಬರಬೇಕು. ಯಾವುದು ತೆಗೆದುಕೊಳ್ಳಲಿ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ಪೂರ್ತಿಯೂ ಹೇಳಿಲ್ಲ. ಎರಡೂ ಡಬ್ಬಿಗಳ ಮೇಲೆ 5ಜಿ ಎಂದೇ ಅಚ್ಚಾಗಿದೆ, ನಿಜ. ನಿಮ್ಮ ಅಪ್ಪನ ಜಿಯೊ ಸಿಮ್ ಹಾಕಿದರೆ ಎರಡರಲ್ಲೂ 5ಜಿ ಬರುತ್ತದೆ. ಆದರೆ ನಿಮ್ಮ ಏರ್‌ಟೆಲ್ ಸಿಮ್ ಹಾಕಿದರೆ ಗ್ಯಾಲಕ್ಸಿಯಲ್ಲಿ 5ಜಿ, ರೆಡ್‌ಮಿ ಎ4ನಲ್ಲಿ ಬರೀ 4ಜಿ. ಫೋನ್ ಕೆಟ್ಟಿದೆ ಎಂದಲ್ಲ, ಅದನ್ನು ಮಾಡಿರುವುದೇ ಹಾಗೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ತಮ್ಮ ಸಿಮ್ ಯಾವುದೆಂದು ಬರೆಯುವವರು ಕಡಿಮೆ. ನೀವು ಬರೆದದ್ದು ಒಳ್ಳೆಯದಾಯಿತು.

ಇದು ಯಾಕೆ ಹೀಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಬೇರೆ ಯಾವ ಫೋನ್ ನೋಡಿದರೂ ಉಪಯೋಗಕ್ಕೆ ಬರುತ್ತದೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿಗೆ ಚಾಲನೆ ಸಿಕ್ಕಿತು. ಆಗ ಜಿಯೊ ಒಂದು ದಾರಿ ಹಿಡಿಯಿತು, ಏರ್‌ಟೆಲ್ ಇನ್ನೊಂದು. ಜಿಯೊ 5ಜಿಗೆಂದೇ ಬೇರೆ ಜಾಲ ಕಟ್ಟಿತು. ಫೋನ್ ಟವರಿಗೆ ಸೇರಿಕೊಳ್ಳುವುದರಿಂದ ಹಿಡಿದು ಡೇಟಾ ತರುವವರೆಗೆ ಎಲ್ಲವೂ ಅದರಲ್ಲಿ 5ಜಿಯಲ್ಲೇ ನಡೆಯುತ್ತದೆ. ಇದಕ್ಕೆ ಸ್ಟ್ಯಾಂಡ್‌ಅಲೋನ್, ಚಿಕ್ಕದಾಗಿ ಎಸ್‌ಎ ಎನ್ನುತ್ತಾರೆ. ಏರ್‌ಟೆಲ್ ತನ್ನ 4ಜಿ ಜಾಲವನ್ನೇ ಬುನಾದಿ ಮಾಡಿಕೊಂಡು ಅದರ ಮೇಲೆ 5ಜಿ ಕೂಡಿಸಿತು. ಇದು ನಾನ್ ಸ್ಟ್ಯಾಂಡ್‌ಅಲೋನ್, ಎನ್‌ಎಸ್‌ಎ. ಬಂಡಿಯ ಲೆಕ್ಕದಲ್ಲಿ ಹೇಳುವುದಾದರೆ ಹಗ್ಗ 4ಜಿ ಕೈಯಲ್ಲಿ, ಹೇರು ಮಾತ್ರ 5ಜಿ ಮೇಲೆ. ಹಾಗಾಗಿ ಏರ್‌ಟೆಲ್ 5ಜಿ ಸಿಗಬೇಕಾದರೆ ಫೋನಿನೊಳಗಿನ ಮೋಡೆಮ್, ಅಂದರೆ ಸಿಗ್ನಲ್ ಹಿಡಿಯುವ ಭಾಗ, 4ಜಿ ಮತ್ತು 5ಜಿ ಎರಡನ್ನೂ ಒಂದೇ ಹೊತ್ತಿಗೆ ಹಿಡಿದುಕೊಂಡಿರಬೇಕು.

ರೆಡ್‌ಮಿ ಎ4ನಲ್ಲಿರುವುದು ಸ್ನ್ಯಾಪ್‌ಡ್ರಾಗನ್ 4ಎಸ್ ಜೆನ್ 2 ಚಿಪ್. 5ಜಿ ಫೋನಿನ ಬೆಲೆಯನ್ನು ಹತ್ತು ಸಾವಿರದ ಕೆಳಗೆ ಇಳಿಸಬೇಕೆಂದು ಕ್ವಾಲ್‌ಕಾಮ್ 2024ರ ಜುಲೈನಲ್ಲಿ ಪ್ರಕಟಿಸಿದ ಚಿಪ್ ಇದು. ಅದೇ ವರ್ಷ ನವೆಂಬರ್‌ನಲ್ಲಿ ಈ ಫೋನ್ ಬಂತು. ಬೆಲೆ ಇಳಿಸಲು ಏನನ್ನಾದರೂ ಬಿಡಲೇಬೇಕಲ್ಲ, ಬಿಟ್ಟದ್ದು ಎನ್‌ಎಸ್‌ಎಯನ್ನು. ಫೋನ್ ಹಿಡಿಯುವುದು ಎಸ್‌ಎ 5ಜಿ ಒಂದನ್ನೇ. ಗ್ಯಾಲಕ್ಸಿ ಎ06 5ಜಿಯಲ್ಲಿರುವುದು ಮೀಡಿಯಾಟೆಕ್ ಡೈಮೆನ್ಸಿಟಿ 6300, ಅದಕ್ಕೆ ಎರಡೂ ಬರುತ್ತದೆ. ಏರ್‌ಟೆಲ್ ಕೂಡ ನಿಧಾನಕ್ಕೆ ಎಸ್‌ಎ ಕಡೆ ಹೊರಳುತ್ತಿದೆ, ಅದು ಬೇರೆ ಮಾತು. ನಾಳೆ ಬರುತ್ತದೆ ಎಂದು ನಂಬಿ ಇವತ್ತು ರೊಕ್ಕ ಹಾಕಬೇಡಿ.

ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಬಹುದು. ಅಂಗಡಿಗೆ ಹೋಗುವಾಗ ಏರ್‌ಟೆಲ್ 5ಜಿ ಚಾಲೂ ಇರುವ ಫೋನಿನ ಗೆಳತಿಯೊಬ್ಬರನ್ನು ಕರೆದುಕೊಂಡು ಹೋಗಿ. ಅವರ ಫೋನಿನ ಮೇಲ್ಗಡೆ ಮೂಲೆಯಲ್ಲಿ 5ಜಿ ಎಂದು ಕಾಣುತ್ತಿರುವ ಜಾಗದಲ್ಲೇ ನಿಂತು, ನಿಮ್ಮ ಸಿಮ್ಮನ್ನು ಮೊದಲು ಡೆಮೊ ರೆಡ್‌ಮಿಗೆ, ಆಮೇಲೆ ಡೆಮೊ ಗ್ಯಾಲಕ್ಸಿಗೆ ಹಾಕಿಸಿ. ಒಂದೆರಡು ನಿಮಿಷ ಬಿಟ್ಟು ಆ ಮೂಲೆಯನ್ನು ನೋಡಿ. ಡೆಮೊ ಇಲ್ಲ, ಸೀಲ್ ಒಡೆದರೆ ತೆಗೆದುಕೊಳ್ಳಲೇಬೇಕು ಎಂದರೆ ಮುಂದಿನ ಅಂಗಡಿಗೆ ನಡೆಯಿರಿ. ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ಅಂಗಡಿಗಳಿಗೇನು ಬರವೇ?

ಈಗ ನೀವು ಕೇಳಬಹುದು: 4ಜಿ ಇದ್ದರೆ ಏನಾಯಿತು? ನ್ಯಾಯವಾದ ಪ್ರಶ್ನೆ. ವಾಟ್ಸ್ಆ್ಯಪ್, ಫೋನ್‌ಪೇ, ಯೂಟ್ಯೂಬ್‌ನಲ್ಲಿ ಪಾಠ ನೋಡುವುದು, ಗೂಗಲ್ ಮೀಟ್, ಇದ್ಯಾವುದಕ್ಕೂ 5ಜಿ ಬೇಕೇ ಬೇಕು ಎಂದೇನಿಲ್ಲ. ಸರಿಯಾದ 4ಜಿ ಇದ್ದರೆ ಧಾರಾಳವಾಗಿ ಸಾಕು. ಆದರೆ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದಮೇಲೆ ಎಲ್ಲರೂ ಒಟ್ಟಿಗೆ ಫೋನ್ ಹಿಡಿದು ಕೂತಾಗ 4ಜಿ ತೆವಳುತ್ತದೆ. ಆ ಹೊತ್ತಿನಲ್ಲಿ 5ಜಿ ಜಾಲ ಸಾಮಾನ್ಯವಾಗಿ ಖಾಲಿ ಇರುತ್ತದೆ. ಇನ್ನೊಂದು ಲೆಕ್ಕ ರೀಚಾರ್ಜಿನದು. 2024ರ ಜುಲೈನಲ್ಲಿ ದರ ಏರಿದಾಗಿನಿಂದ ಅನ್‌ಲಿಮಿಟೆಡ್ 5ಜಿಯನ್ನು ಮುಖ್ಯವಾಗಿ ದಿನಕ್ಕೆ 2 ಜಿಬಿ ಮತ್ತು ಅದಕ್ಕೂ ಮೇಲಿನ ಪ್ಯಾಕ್‌ಗಳಿಗೆ ಕಟ್ಟಿಟ್ಟಿದ್ದಾರೆ. ನೀವು ಆ ಪ್ಯಾಕ್ ಹಾಕಿಸುತ್ತಿದ್ದರೆ, ಏರ್‌ಟೆಲ್ ಸಿಮ್ ಜೊತೆ ರೆಡ್‌ಮಿ ಎ4 ಇಟ್ಟುಕೊಂಡರೆ ಪ್ರತಿ ತಿಂಗಳೂ ಸಿಗದ ಸವಲತ್ತಿಗೆ ದುಡ್ಡು ಕಟ್ಟಿದಂತೆ. ದಿನಕ್ಕೆ 1.5 ಜಿಬಿ ಪ್ಯಾಕ್‌ನಲ್ಲೇ ಇದ್ದೀರಿ, ಅಲ್ಲೇ ಇರುತ್ತೀರಿ ಎಂದಾದರೆ ಈ ವ್ಯತ್ಯಾಸದ ಬೆಲೆ ಅರ್ಧ ಇಳಿಯಿತು.

ಊರಿನಲ್ಲಿ ಲೆಕ್ಕ ಬೇರೆ. ಟವರಿನಲ್ಲಿ 5ಜಿ ಇಲ್ಲದ ಕಡೆ ಎಂಥ 5ಜಿ ಫೋನ್ ಒಯ್ದರೂ ಅದು 4ಜಿ ಫೋನೇ. 5ಜಿ ಇದ್ದೂ ಇಲ್ಲದಂತೆ ಒಂದು ಕಡ್ಡಿ ಬಂದು ಹೋಗುವ ಕಡೆ ಫೋನ್ ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡುತ್ತದೆ. ಊರಿಗೆ ಹೋದಾಗ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಟ್ಟುಬಿಡಿ, ಕಲಬುರಗಿಗೆ ಬಂದ ಮೇಲೆ ಮತ್ತೆ 5ಜಿಗೆ ಬದಲಿಸಿ. ಬಹಳ ಜನ ಇದನ್ನು ಮಾಡುವುದಿಲ್ಲ, ಬ್ಯಾಟರಿ ನಿಲ್ಲುತ್ತಿಲ್ಲ ಎಂದು ಫೋನನ್ನು ಬೈಯುತ್ತಾರೆ.

ಮೂರನೆಯ ದಾರಿಯೊಂದಿದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ: ನಂಬರ್ ಅದೇ ಇಟ್ಟುಕೊಂಡು ಏರ್‌ಟೆಲ್‌ನಿಂದ ಜಿಯೊಗೆ ಪೋರ್ಟ್ ಆಗುವುದು. 1900ಕ್ಕೆ ಪೋರ್ಟ್ ಮೆಸೇಜ್ ಕಳಿಸಿ, ಬರುವ ಕೋಡ್ ಮತ್ತು ಆಧಾರ್ ತೆಗೆದುಕೊಂಡು ಹೋದರಾಯಿತು. ನಂಬರ್ ಬದಲಾಗದ ಕಾರಣ ಬ್ಯಾಂಕು, ಸ್ಕಾಲರ್‌ಶಿಪ್ಪು, ಆಧಾರ್ ಜೋಡಣೆ ಎಲ್ಲ ಇದ್ದ ಹಾಗೇ ಇರುತ್ತದೆ. ಹಾಗೆ ಮಾಡಿದರೆ ರೆಡ್‌ಮಿ ಎ4ನ ದೊಡ್ಡ ಕೊರತೆಯೇ ಮಾಯ. 700 ಮೆಗಾಹರ್ಟ್ಸ್‌ ತರಂಗಾಂತರವನ್ನು 2022ರ ಹರಾಜಿನಲ್ಲಿ ಕೊಂಡದ್ದು ಜಿಯೊ ಒಂದೇ. ಈ ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟಿ ಒಳಗೂ ಬರುತ್ತವೆ. ಆದರೂ ಕಾಗದದ ಮೇಲಿನ ಲೆಕ್ಕ ನೋಡಿ ಪೋರ್ಟ್ ಆಗಬೇಡಿ. ಹಾಸ್ಟೆಲ್ ಕೋಣೆಯಲ್ಲಿ ಜಿಯೊ ಇರುವ ಗೆಳತಿಯ ಫೋನ್ ಹಿಡಿದು ಒಂದು ರಾತ್ರಿ ಪರೀಕ್ಷೆ ಮಾಡಿ. ಊರಿನಲ್ಲಿ ಹೇಗೆಂದು ಅಪ್ಪನನ್ನು ಕೇಳಿದರೆ ಗೊತ್ತಾಗುತ್ತದೆ, ಅವರದು ಜಿಯೊ ತಾನೆ?

ಇನ್ನು ನಾಲ್ಕು ವರ್ಷದ ಬಾಳಿಕೆಯ ಮಾತು. ಇದರಲ್ಲಿ ಗ್ಯಾಲಕ್ಸಿ ಸ್ಪಷ್ಟವಾಗಿ ಮುಂದಿದೆ. ಅದು 2025ರ ಫೆಬ್ರುವರಿಯಲ್ಲಿ ಆ್ಯಂಡ್ರಾಯ್ಡ್ 15ರೊಂದಿಗೆ ಬಂತು. ನಾಲ್ಕು ಆ್ಯಂಡ್ರಾಯ್ಡ್ ಆವೃತ್ತಿ, ನಾಲ್ಕು ವರ್ಷದ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಸ್ಯಾಮ್‌ಸಂಗ್ ಹೇಳಿದೆ. ರೆಡ್‌ಮಿ ಎ4 ಬಂದದ್ದು ಆ್ಯಂಡ್ರಾಯ್ಡ್ 14ರೊಂದಿಗೆ. ಅದಕ್ಕೆ ಎರಡು ಆವೃತ್ತಿ, ನಾಲ್ಕು ವರ್ಷದ ಭದ್ರತಾ ಅಪ್‌ಡೇಟ್. ಈ ವರ್ಷಗಳನ್ನು ಎಣಿಸುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಅಂದರೆ ರೆಡ್‌ಮಿಯ ಭದ್ರತೆ 2028ರ ಕೊನೆಯ ತನಕ, ಗ್ಯಾಲಕ್ಸಿಯದು 2029ರ ಆರಂಭದ ತನಕ. ಭದ್ರತೆಯಲ್ಲಿ ಅಂತರ ಕೆಲವೇ ತಿಂಗಳು. ಆವೃತ್ತಿಯಲ್ಲಿ ಮಾತ್ರ ದೊಡ್ಡ ಅಂತರ: ಒಂದು 16ಕ್ಕೆ ನಿಲ್ಲುತ್ತದೆ, ಇನ್ನೊಂದು 19ರವರೆಗೆ ಹೋಗುತ್ತದೆ. ಹಾಗೆಂದು ಇದನ್ನು ಕಣ್ಣುಮುಚ್ಚಿ ಹೊಗಳಲಾರೆ. 4 ಜಿಬಿ ರ‍್ಯಾಮಿನ ಫೋನಿಗೆ ನಾಲ್ಕನೆಯ ಆವೃತ್ತಿ ಬರುವ ಹೊತ್ತಿಗೆ ಅದು ಏದುಸಿರು ಬಿಡುತ್ತಿರುತ್ತದೆ. ಮೂರು ವರ್ಷ ಚೆನ್ನಾಗಿ, ನಾಲ್ಕನೆಯ ವರ್ಷ ತಾಳ್ಮೆಯಿಂದ, ಹೀಗೆ ಇಟ್ಟುಕೊಳ್ಳಿ ಲೆಕ್ಕ.

ಭದ್ರತೆಯ ಮಾತು ಬಂದದ್ದಕ್ಕೆ ಒಂದು ವಿಷಯ. ಮದುವೆ ಕಾರ್ಡು, ಟ್ರಾಫಿಕ್ ದಂಡದ ನೋಟಿಸು, ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಆಗಿ ಫೋನಿನಲ್ಲಿ ಕೂರುವ ಫೈಲ್) ಬರುತ್ತದಲ್ಲ, ಅದನ್ನು ಒತ್ತಿದರೆ ಯಾವ ಕಂಪನಿಯ ಅಪ್‌ಡೇಟೂ ಕಾಪಾಡುವುದು ಕಷ್ಟ. ಹೊಸ ಫೋನ್ ಬಂದ ದಿನವೇ ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಆ್ಯಪ್‌ ಇನ್‌ಸ್ಟಾಲ್’ ಎಂಬ ಅನುಮತಿ ಹುಡುಕಿ, ವಾಟ್ಸ್ಆ್ಯಪ್ ಮತ್ತು ಕ್ರೋಮ್ ಎರಡಕ್ಕೂ ಅದು ಬಂದ್ ಇದೆಯೇ ನೋಡಿ. ಅಪ್ಪ ಬಳಸುವ ಫೋನ್ ಎಂದಮೇಲೆ ಇದು ಕ್ಯಾಮೆರಾಕ್ಕಿಂತ ಮುಖ್ಯ. ದುಡ್ಡು ಹೋಯಿತು ಎಂದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂದೂ ಅವರಿಗೆ ಹೇಳಿಕೊಡಿ.

ಈಗ ರೊಕ್ಕದ ಲೆಕ್ಕಕ್ಕೆ ಬರೋಣ. ಬಿಡುಗಡೆಯ ಬೆಲೆ ಹೇಳುತ್ತೇನೆ, ಅಂಗಡಿಯ ಇವತ್ತಿನ ದರ ಹೆಚ್ಚುಕಡಿಮೆ ಇರುತ್ತದೆ. ರೆಡ್‌ಮಿ ಎ4 64 ಜಿಬಿಗೆ 8,499, 128 ಜಿಬಿಗೆ 9,499 ರೂಪಾಯಿ. ಗ್ಯಾಲಕ್ಸಿ ಎ06 5ಜಿ 64 ಜಿಬಿಗೆ 10,499, 128 ಜಿಬಿಗೆ 11,499. ಎರಡರಲ್ಲೂ ರ‍್ಯಾಮ್ 4 ಜಿಬಿ. ಎಲ್ಲಿ ನೋಡಿದರೂ ಅಂತರ ಸರಿಯಾಗಿ ಎರಡು ಸಾವಿರ. ಅದರ ಮೇಲೆ ಚಾರ್ಜರ್. ರೆಡ್‌ಮಿ ಡಬ್ಬಿಯಲ್ಲಿ 33 ವ್ಯಾಟ್‌ನ ಚಾರ್ಜರ್ ಇಟ್ಟಿದ್ದಾರೆ. ತಮಾಷೆ ಎಂದರೆ ಫೋನ್ ತೆಗೆದುಕೊಳ್ಳುವುದು 18 ವ್ಯಾಟ್ ಮಾತ್ರ. ಸ್ಯಾಮ್‌ಸಂಗ್ 25 ವ್ಯಾಟ್ ತೆಗೆದುಕೊಳ್ಳುತ್ತದೆ, ಡಬ್ಬಿಯಲ್ಲಿ ಚಾರ್ಜರೇ ಇಲ್ಲ, ಕೇಬಲ್ ಅಷ್ಟೆ. ಕಂಪನಿಯ 25 ವ್ಯಾಟ್ ಚಾರ್ಜರ್ ಬೇರೆ ಕೊಂಡರೆ ಇನ್ನೊಂದು ಸಾವಿರದ ಆಸುಪಾಸು ಹೋಯಿತು. ಹಾಗೆ ನೋಡಿದರೆ ನಿಜವಾದ ಅಂತರ ಮೂರು ಸಾವಿರ. ಹನ್ನೊಂದು ಸಾವಿರದ ಬಜೆಟ್ಟಿನಲ್ಲಿ ಮೂರು ಸಾವಿರ ಸಣ್ಣ ಮೊತ್ತವಲ್ಲ.

ಆದರೆ ಚಾರ್ಜರನ್ನು ಅವತ್ತೇ ಕೊಳ್ಳಬೇಕೆಂದು ಎಲ್ಲಿದೆ? ಮನೆಯಲ್ಲಿರುವ ಹಳೆಯ 10 ಅಥವಾ 15 ವ್ಯಾಟ್‌ನ, ಒಳ್ಳೆಯ ಕಂಪನಿಯ ಅಡಾಪ್ಟರ್ ಇದ್ದರೆ ಅದಕ್ಕೆ ಟೈಪ್-ಸಿ ಕೇಬಲ್ ಹಾಕಿ ರಾತ್ರಿ ಚಾರ್ಜ್ ಮಾಡಿಕೊಳ್ಳಿ. ನಿಧಾನ ಆಗುತ್ತದೆ, ಕೆಟ್ಟದ್ದೇನೂ ಆಗುವುದಿಲ್ಲ. ಫುಟ್‌ಪಾತ್ ಮೇಲಿನ ನೂರು ರೂಪಾಯಿ ಚಾರ್ಜರ್ ಮಾತ್ರ ಬೇಡ.

64 ಜಿಬಿಯೋ 128 ಜಿಬಿಯೋ ಎಂಬಲ್ಲಿ ನನಗೆ ಸಂಶಯವೇ ಇಲ್ಲ. 128. ಒಂದು ಸಾವಿರ ಉಳಿಸಲು ಹೋಗಿ 64 ಕೊಂಡವರು ಎರಡನೆಯ ವರ್ಷಕ್ಕೆ ‘ಸ್ಟೋರೇಜ್ ಫುಲ್’ ಎಂದು ಬರುತ್ತಾರೆ. ಫೋನಿನ ಸಾಫ್ಟ್‌ವೇರ್, ಮೊದಲೇ ತುಂಬಿರುವ ಆ್ಯಪ್‌ಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ಕೈಗೆ ಸಿಗುವುದು ನಲವತ್ತು ಜಿಬಿಯ ಆಸುಪಾಸು. ನಿಮ್ಮ ಬಿ.ಇಡಿ ಗ್ರೂಪುಗಳ ಪಿಡಿಎಫ್, ಪಾಠದ ವಿಡಿಯೊ, ದೀಕ್ಷಾ ಆ್ಯಪ್‌ನಲ್ಲಿ ಇಳಿಸಿಕೊಂಡ ಪಾಠಗಳು, ಜೊತೆಗೆ ನೆಂಟರ ಗ್ರೂಪಿನ ಶುಭೋದಯಗಳು. ಮೆಮೊರಿ ಕಾರ್ಡ್ ಹಾಕಿದರೆ ಫೋಟೊ, ವಿಡಿಯೊ ಅಲ್ಲಿಗೆ ಸಾಗಿಸಬಹುದು, ಹೆಚ್ಚಿನ ಆ್ಯಪ್‌ಗಳನ್ನು ಸಾಗಿಸಲು ಆಗುವುದಿಲ್ಲ. ವಾಟ್ಸ್ಆ್ಯಪ್ ತನ್ನ ಫೈಲುಗಳನ್ನು ಒಳಗಿನ ಜಾಗದಲ್ಲೇ ಇಡುತ್ತದೆ. ಕಾರ್ಡ್ ಹಾಕುವ ವಿಚಾರ ಇದ್ದರೆ ಅಂಗಡಿಯಲ್ಲೇ ಸಿಮ್ ಟ್ರೇ ಹೊರಗೆ ತೆಗೆಸಿ, ಎರಡು ಸಿಮ್ ಜೊತೆಗೆ ಕಾರ್ಡಿಗೂ ಜಾಗ ಇದೆಯೇ ಎಂದು ಕಣ್ಣಾರೆ ನೋಡಿ.

ರ‍್ಯಾಮ್ ಬಗ್ಗೆ ಡಬ್ಬಿಯ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ‘8 ಜಿಬಿ’ ಎಂದು ದೊಡ್ಡದಾಗಿ ಬರೆದಿರುವುದು ಕಂಡರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಇರುವುದು 4, ಇನ್ನು ನಾಲ್ಕು ಸ್ಟೋರೇಜಿನಿಂದ ಕಡ ತಂದದ್ದು. ಸ್ಟೋರೇಜ್ ರ‍್ಯಾಮಿನಷ್ಟು ವೇಗವಾಗಿ ಓಡುವುದಿಲ್ಲ, ಹಾಗಾಗಿ ಇದನ್ನು ನಿಜವಾದ 8 ಎಂದು ತಿಳಿದು ದುಡ್ಡು ಕೊಡಬೇಡಿ. ಎರಡು ಫೋನುಗಳ ವೇಗದಲ್ಲಿ ನಿಮ್ಮ ಬಳಕೆಗೆ ಗೊತ್ತಾಗುವಂಥ ಫರಕಿಲ್ಲ. ದೊಡ್ಡ ಗೇಮ್ ಆಡುವವರಿಗೆ ಎರಡೂ ಅಲ್ಲ.

ಸ್ಕ್ರೀನಿನ ವಿಚಾರದಲ್ಲಿ ಅಂಗಡಿಯವರು ಹೇಳಿದ್ದು ನಿಜ, ರೆಡ್‌ಮಿಯದು 6.88 ಇಂಚು, 120 ಹರ್ಟ್ಸ್. ಗ್ಯಾಲಕ್ಸಿಯದು 6.7 ಇಂಚು, 90 ಹರ್ಟ್ಸ್. ಆದರೆ ಎರಡೂ ಎಚ್‌ಡಿ ಪ್ಲಸ್ ಎಲ್‌ಸಿಡಿಗಳೇ, ಇಂಚಿಗೆ 260ರ ಆಸುಪಾಸು ಪಿಕ್ಸೆಲ್. ಅಕ್ಷರದ ಚೊಕ್ಕತನದಲ್ಲಿ ಒಂದಕ್ಕೊಂದು ಸಮ. ಹರ್ಟ್ಸ್ ಹೆಚ್ಚಿದ್ದರೆ ಬೆರಳು ಜಾರಿಸುವಾಗ ನಯವಾಗಿ ಕಾಣುತ್ತದೆ, ಪಾಠದ ವಿಡಿಯೊ ಅದರಿಂದ ಚೆಂದ ಆಗುವುದಿಲ್ಲ. ರೆಡ್‌ಮಿ ಇನ್ನೂರು ಗ್ರಾಂ ದಾಟುವ ಫೋನ್. ಮಲಗಿ ಓದುವವರಿಗೆ, ಸಣ್ಣ ಕೈಯವರಿಗೆ ಆ ಭಾರ ಗೊತ್ತಾಗುತ್ತದೆ. ಕಣ್ಣು ಮಂಜಾದ ಅಪ್ಪನಿಗೆ ದೊಡ್ಡ ಸ್ಕ್ರೀನ್ ಹಿತ, ಅದನ್ನೂ ಒಪ್ಪುತ್ತೇನೆ. ಎರಡರಲ್ಲೂ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಪೂರ್ತಿ ಕನ್ನಡದಲ್ಲೇ ಇಟ್ಟುಕೊಳ್ಳಬಹುದು.

ಕ್ಯಾಮೆರಾ: ಹಿಂದೆ ಎರಡರಲ್ಲೂ 50 ಮೆಗಾಪಿಕ್ಸೆಲ್, ಹಗಲು ಬೆಳಕಲ್ಲಿ ಎರಡೂ ಪರವಾಗಿಲ್ಲ, ರಾತ್ರಿ ಎರಡೂ ಅಷ್ಟಕ್ಕಷ್ಟೆ. ಪಕ್ಕದಲ್ಲಿರುವ ಇನ್ನೊಂದು ಕಣ್ಣು ಲೆಕ್ಕಕ್ಕುಂಟು ಆಟಕ್ಕಿಲ್ಲ. ಮುಂದಿನ ಕ್ಯಾಮೆರಾ ಗ್ಯಾಲಕ್ಸಿಯಲ್ಲಿ 8, ರೆಡ್‌ಮಿಯಲ್ಲಿ 5. ಆನ್‌ಲೈನ್ ತರಗತಿಗೆ ಮುಖ ತೋರಿಸುವಾಗ ಇದು ಸ್ವಲ್ಪ ಉಪಯೋಗ.

ನಮ್ಮ ಕಡೆ ಫೋನನ್ನು ನಿಜವಾಗಿ ಪರೀಕ್ಷಿಸುವುದು ಬಿಸಿಲು ಮತ್ತು ಧೂಳು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42, 43 ಡಿಗ್ರಿ ಮುಟ್ಟುತ್ತದೆ. ಫೋನನ್ನು 35, ಹೆಚ್ಚೆಂದರೆ 40 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಿ ಎಂಬುದು ಕಂಪನಿಗಳು ಹೇಳುವ ಮಾತು. ಅಂದರೆ ನಮ್ಮ ಬೇಸಿಗೆ ಪೂರ್ತಿ ಅವರ ಮಿತಿಯ ಹೊರಗೆ. ಬ್ಯಾಟರಿ ಬಿಸಿಯಾದಾಗ ಫೋನ್ ತಾನಾಗಿಯೇ ಚಾರ್ಜಿಂಗ್ ವೇಗ ಇಳಿಸುತ್ತದೆ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ತಗಡಿನ ಮನೆಯಲ್ಲಿ ಚಾರ್ಜಿಗಿಟ್ಟರೆ 18 ವ್ಯಾಟೂ ಒಂದೇ, 25 ವ್ಯಾಟೂ ಒಂದೇ. ರೆಡ್‌ಮಿಯ ಬ್ಯಾಟರಿ 5160, ಗ್ಯಾಲಕ್ಸಿಯದು 5000 ಎಂಎಎಚ್. ಆ 160ರ ವ್ಯತ್ಯಾಸ ಯಾರಿಗೂ ತಿಳಿಯದು. ಬೆಳಗ್ಗೆ ಎದ್ದಾಗ ಇಲ್ಲವೇ ರಾತ್ರಿ ತಂಪಿನಲ್ಲಿ, ಹಿಂದಿನ ಕವರ್ ತೆಗೆದು, ಹಾಸಿಗೆ ಮೇಲಲ್ಲದೆ ನೆಲದ ಮೇಲೋ ಮೇಜಿನ ಮೇಲೋ ಇಟ್ಟು ಚಾರ್ಜ್ ಮಾಡಿ. ಬ್ಯಾಟರಿಯ ಆಯುಸ್ಸು ಕಂಪನಿಯ ಹೆಸರಿಗಿಂತ ಈ ಅಭ್ಯಾಸದ ಮೇಲೆ ನಿಂತಿದೆ. ಬೈಕಿನ ಹ್ಯಾಂಡಲ್ ಮೇಲೆ ಬಿಸಿಲಿಗೆ ಕಟ್ಟಿಕೊಂಡು ಹೋಗುವುದಂತೂ ಬೇಡವೇ ಬೇಡ.

ಧೂಳಿನ ವಿಷಯಕ್ಕೆ ಗ್ಯಾಲಕ್ಸಿ ಎ06 5ಜಿಗೆ ಐಪಿ54 ಎಂಬ ದರ್ಜೆ ಇದೆ. ಮೊದಲ ಅಂಕಿ 5 ಧೂಳಿನದು: ಒಳಗೆ ಸ್ವಲ್ಪ ಹೋಗಬಹುದು, ಕೆಲಸ ಕೆಡಿಸುವಷ್ಟು ಹೋಗದು. ಎರಡನೆಯ 4 ನೀರಿನದು: ಯಾವ ಕಡೆಯಿಂದ ಸಿಡಿದರೂ ತಡೆಯುತ್ತದೆ, ಬಕೆಟ್ಟಿನಲ್ಲಿ ಬಿದ್ದರೆ ಇಲ್ಲ. ತೊಗರಿ ರಾಶಿ ಮಾಡುವಾಗ ಅಪ್ಪ ಅಂಗಿ ಜೇಬಿನಲ್ಲಿ ಫೋನ್ ಇಟ್ಟುಕೊಂಡೇ ಮಷೀನ್ ಹತ್ತಿರ ನಿಂತಿರುತ್ತಾರೆ ಎಂದಾದರೆ ಈ ಅಂಕಿಗೆ ಬೆಲೆ ಇದೆ. ಹಾಗಿದ್ದರೂ ಚಾರ್ಜಿಂಗ್ ತೂತಿಗೆ ಹೊಟ್ಟು, ದೂಳು, ಜೇಬಿನ ನೂಲು ಸೇರಿ ಗಟ್ಟಿಯಾಗುವುದು ತಪ್ಪುವುದಿಲ್ಲ. ಕೇಬಲ್ ಪೂರ್ತಿ ಒಳಗೆ ಕೂರುತ್ತಿಲ್ಲ, ಒಂದು ಕಡೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ ಎಂದರೆ ಪೋರ್ಟ್ ಹೋಯಿತು ಎಂದು ಗಾಬರಿಯಾಗಬೇಡಿ. ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಹಲ್ಲಿಗೆ ಬಳಸುವ ಮರದ ಕಡ್ಡಿಯಿಂದ, ನಡುವಿನ ತೆಳು ಪಟ್ಟಿಗೆ ತಗುಲದ ಹಾಗೆ, ಎರಡೂ ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಕಂಬಳಿಯ ಚೂರಿನಂಥ ಗಂಟೊಂದು ಹೊರಬರುತ್ತದೆ. ಸೂಜಿ, ಪಿನ್ನು ಹಾಕಿ ಕೆದಕಿದರೆ ಅವತ್ತೇ ಪೋರ್ಟ್ ಹೋಗುವುದು.

ಅಪ್ಪನ ಕೆಲಸಗಳಿಗೆ ಎರಡೂ ಫೋನ್ ನಡೆಯುತ್ತವೆ. ಬೆಳೆ ಸಮೀಕ್ಷೆಗೆ ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು, ಅದಕ್ಕೆ ಬೇಕಾದದ್ದು ಜಿಪಿಎಸ್. ಜಿಪಿಎಸ್ ಉಪಗ್ರಹದಿಂದ ಬರುತ್ತದೆ, ಟವರಿಗೂ ಅದಕ್ಕೂ ಸಂಬಂಧವಿಲ್ಲ. ಹೊಲದಲ್ಲಿ ನೆಟ್‌ವರ್ಕ್ ಕಡಿಮೆ ಇದ್ದರೆ ಬಯಲಿನಲ್ಲಿ ಒಂದೆರಡು ನಿಮಿಷ ನಿಂತುಕೊಳ್ಳಲು ಹೇಳಿ, ಜಾಗ ಸರಿಯಾಗಿ ಹಿಡಿಯುತ್ತದೆ. ಗಿಡದ ಕೆಳಗೆ ನಿಂತು ತಡಕಾಡುವುದು ಬೇಡ. ಪಿಎಂ ಕಿಸಾನ್ ಇ-ಕೆವೈಸಿಗೆ (ಗುರುತು ಖಾತ್ರಿಗೆ) 2023ರಿಂದ ಮುಖ ತೋರಿಸುವ ವ್ಯವಸ್ಥೆ ಬಂದಿದೆ, ಹೆಬ್ಬೆಟ್ಟು ಒತ್ತುವ ಕಾಟ ಇಲ್ಲ. ಮಣ್ಣಲ್ಲಿ ದುಡಿದ ಕೈಯ ಗೆರೆಗಳು ಸವೆದಿರುತ್ತವೆ, ಆದ್ದರಿಂದ ಎರಡೂ ಫೋನುಗಳ ಪಕ್ಕದಲ್ಲಿರುವ ಫಿಂಗರ್‌ಪ್ರಿಂಟ್ ಗುಂಡಿ ಅಪ್ಪನ ಬೆರಳನ್ನು ಆಗಾಗ ಒಲ್ಲೆ ಎನ್ನುತ್ತದೆ. ಒಂದೇ ಬೆರಳನ್ನು ಎರಡು ಸಲ ಬೇರೆ ಬೇರೆಯಾಗಿ ಸೇರಿಸಿ, ಜೊತೆಗೆ ಅವರಿಗೆ ನೆನಪಿರುವ ಪಿನ್ ಇಡಿ.

ಕಾಲೇಜಿನಿಂದ ಬರುವ ಕೆಲವು ಕನ್ನಡ ಫೈಲುಗಳು ಫೋನಿನಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅದು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ವರ್ಡ್ ಫೈಲ್. ರೆಡ್‌ಮಿಯಲ್ಲೂ ಹಾಗೇ, ಗ್ಯಾಲಕ್ಸಿಯಲ್ಲೂ ಹಾಗೇ. ಪಿಡಿಎಫ್ ಮಾಡಿ ಕಳಿಸಲು ಹೇಳಿದರೆ ಮುಗಿಯಿತು, ಫೋನ್ ಬದಲಿಸಲು ಹೋಗಬೇಡಿ.

ಜಾಹೀರಾತಿನ ಕಾಟ ಎರಡರಲ್ಲೂ ಇದೆ, ರೆಡ್‌ಮಿಯಲ್ಲಿ ಒಂದು ಕೈ ಹೆಚ್ಚು. ಮೊದಲ ಸಲ ಆನ್ ಮಾಡುವಾಗ ಎಲ್ಲದಕ್ಕೂ ಒಪ್ಪಿಗೆ ಒತ್ತುತ್ತಾ ಹೋಗದೆ, ‘ಶಿಫಾರಸು’, ‘ಲಾಕ್‌ಸ್ಕ್ರೀನ್ ಸುದ್ದಿ’ ಎಂದಿರುವುದನ್ನು ಬಿಟ್ಟು ಮುಂದೆ ಹೋದರೆ ಮುಕ್ಕಾಲು ಕಾಟ ಅಲ್ಲೇ ತಪ್ಪುತ್ತದೆ.

ಒಟ್ಟಿನಲ್ಲಿ ನಿಮ್ಮ ವಿಚಾರದಲ್ಲಿ ನಾನು ಹೇಳುವುದು: ಏರ್‌ಟೆಲ್ ಬಿಡುವುದಿಲ್ಲ, ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸುತ್ತೇನೆ ಎಂದಾದರೆ ಗ್ಯಾಲಕ್ಸಿ ಎ06 5ಜಿ, 128 ಜಿಬಿ. ಐದುನೂರು ಕಡಿಮೆ ಬಿದ್ದರೆ ಅಂಗಡಿಯವರ ಹತ್ತಿರ ಗಟ್ಟಿಯಾಗಿ ಚೌಕಾಸಿ ಮಾಡಿ. ಈ ಮಾದರಿ ಬಂದು ದಿನವಾಗಿದೆ, ಬಿಡುಗಡೆಯ ಬೆಲೆಗೇ ಕೊಡುತ್ತೇವೆ ಎಂದರೆ ಒಪ್ಪಬೇಕಾಗಿಲ್ಲ. ಜಿಯೊಗೆ ಪೋರ್ಟ್ ಆಗಲು ತಯಾರಿದ್ದು, ಹಾಸ್ಟೆಲ್‌ನಲ್ಲೂ ಊರಿನಲ್ಲೂ ಜಿಯೊ ಚೆನ್ನಾಗಿ ಬರುತ್ತದೆ ಎಂದಾದರೆ ರೆಡ್‌ಮಿ ಎ4 128 ಜಿಬಿ ತೆಗೆದುಕೊಂಡು ಎರಡು ಸಾವಿರ ಉಳಿಸಿ, ಅದರಲ್ಲಿ ನನಗೇನೂ ತಕರಾರಿಲ್ಲ. ಗ್ಯಾಲಕ್ಸಿಯ 64 ಜಿಬಿ ಮಾತ್ರ ಯಾವ ಲೆಕ್ಕದಲ್ಲೂ ಬೇಡ ತಂಗಿ, ದುಬಾರಿಯೂ ಹೌದು, ಇಕ್ಕಟ್ಟೂ ಹೌದು. ಕಂತಿನಲ್ಲಿ ಕೊಡುತ್ತೇವೆ, ಮುಂಗಡ ಏನೂ ಬೇಡ ಎಂದರೆ ಫೈಲ್ ಚಾರ್ಜ್ ಎಷ್ಟು, ಒಟ್ಟು ಕಟ್ಟಬೇಕಾದದ್ದು ಎಷ್ಟು ಎಂದು ಬರೆಸಿಕೊಂಡು ಓದಿ. ಕೈಯಲ್ಲಿ ದುಡ್ಡಿರುವ ನಿಮಗೆ ಅದು ಬೇಕಿಲ್ಲ.

ದುಡ್ಡು ಕೊಡುವ ಮುಂಚೆ ನಿಮ್ಮ ಕಣ್ಣೆದುರೇ ಸೀಲ್ ಒಡೆಸಿ. ಫೋನಿನಲ್ಲಿ *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬರುತ್ತದೆ. ಡಬ್ಬಿಯ ಮೇಲಿನ ನಂಬರ್, ಬಿಲ್ಲಿನ ನಂಬರ್, ಇದು, ಮೂರೂ ಒಂದೇ ಇರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಫೋನ್ ಯಾವ ಕಂಪನಿಯದು, ಯಾವ ಮಾದರಿ ಎಂದು ಉತ್ತರ ಬರುತ್ತದೆ. ಬಿಲ್ ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ಲೇ ಆಗಿರಲಿ, ಚೀಟಿಯಲ್ಲಿ ಬರೆದುಕೊಡುವುದು ವಾರಂಟಿಗೆ ನಡೆಯುವುದಿಲ್ಲ. ವಾರಂಟಿ ಫೋನಿಗೆ ಒಂದು ವರ್ಷ, ಡಬ್ಬಿಯಲ್ಲಿ ಬರುವ ಚಾರ್ಜರ್, ಕೇಬಲ್‌ಗೆ ಆರು ತಿಂಗಳು. ಆ ಬಿಲ್ಲಿನ ಫೋಟೊ ತೆಗೆದು ಅಪ್ಪನ ವಾಟ್ಸ್ಆ್ಯಪ್‌ಗೂ ಒಂದು ಕಳಿಸಿ. ಫೋನ್ ಕಳೆದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಲು ಬಿಲ್ಲಿನ ಅದೇ ಐಎಂಇಐ ನಂಬರ್ ಬೇಕಾಗುತ್ತದೆ, ಆಗ ಅದು ಕಳೆದ ಫೋನಿನೊಳಗೇ ಇದ್ದರೆ ಏನು ಬಂತು?